ತಮ್ಮನ ವಯಸ್ಸು

ಮರದ ದಿಮ್ಮಿಗಳ ಯಾರ್ಡಿನಲ್ಲಿ ಅವನಿಗೆ 'ಮೇಲಿನವನು' ಎಂದೇ ಹೆಸರು. ಅರ್ಧ ಆಯುಷ್ಯವನ್ನು ಕ್ರೇನಿನ ಗಾಜಿನ ಗೂಡಿನಲ್ಲೇ ಕಳೆದವನಿಗೆ ಬೇರೆ ಹೆಸರು ಯಾಕೆ ಬೇಕು? ಕೆಳಗೆ ಯಾರಾದರೂ ಕೆಲಸಗಳ್ಳತನ ಮಾಡಿದರೆ ಉಳಿದವರು "ಮೇಲಿನವನು ನೋಡ್ತಿದ್ದಾನೆ ಕಣೋ" ಎಂದು ಕಿಚಾಯಿಸುತ್ತಿದ್ದರು. ನಿಜವಾದ ಮೇಲಿನವನಿಗೆ ಕೋಟ್ಯಂತರ ಜನರ ಉಸಾಬರಿ, ಒಮ್ಮೊಮ್ಮೆ ಕಣ್ಣು ತಪ್ಪಿದರೆ ತಪ್ಪೀತು. ಈ ಮೇಲಿನವನಿಗೆ ಮಾತ್ರ ಎಂದೂ ತಪ್ಪಿದ್ದಿಲ್ಲ.

ಹಾಗಂತ ಹೋದ ವಾರದವರೆಗೆ ಎಲ್ಲರೂ ನಂಬಿದ್ದರು. ಅವತ್ತು ದಿಮ್ಮಿಗಳ ಒಂದು ಕಟ್ಟನ್ನು ಎತ್ತಿ ತಿರುಗಿಸುತ್ತಿದ್ದವನು ಅರ್ಧದಲ್ಲೇ ನಿಲ್ಲಿಸಿಬಿಟ್ಟ. ಕಟ್ಟು ಗಾಳಿಯಲ್ಲಿ ನೇತಾಡುತ್ತಿತ್ತು, ಅದರ ನೆರಳಿನಲ್ಲಿ ಇಬ್ಬರು ನಿಂತಿದ್ದರು, ಅದನ್ನು ಎಲ್ಲಿ ಇಳಿಸಬೇಕು ಎಂಬುದು ಇವನ ತಲೆಯಿಂದ ಹಾರಿಹೋಗಿತ್ತು. ಕೆಳಗಿನಿಂದ ಸನ್ನೆ ಮಾಡುವವನು ಶಿಳ್ಳೆಯ ಮೇಲೆ ಶಿಳ್ಳೆ ಊದಿದ ಮೇಲೆ ಎಚ್ಚರವಾಯಿತು. ಇಳಿದು ಬಂದು ಬಿಸಿಲು ಕಣ್ಣಿಗೆ ಹೊಡೆಯಿತು ಎಂದ. ಅವತ್ತು ಬೆಳಗಿನಿಂದ ಮೋಡ ಮುಚ್ಚಿತ್ತು. ಮೇಲ್ವಿಚಾರಕ ಒಳ್ಳೆಯ ಮನುಷ್ಯ, ಬೈಯಲಿಲ್ಲ. ತಲೆ ಸರಿಯಿದೆ ಎಂದು ಡಾಕ್ಟರ ಚೀಟಿ ತಂದು ಮತ್ತೆ ಹತ್ತು, ಅಲ್ಲಿಯವರೆಗೆ ಮನೆಯಲ್ಲಿರು ಎಂದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಹೆಂಡತಿಗೆ ಮಂಡಿನೋವು, ಅವಳು ಬರುವಂತಿರಲಿಲ್ಲ. ಮಗಳು ರಜೆ ಹಾಕಿ ಕರೆದುಕೊಂಡು ಹೋದಳು. ಮಗಳು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಅಪ್ಪನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಕೂತು ತುಟಿಯಲ್ಲೇ ಉತ್ತರ ಆಡಿಸುತ್ತಿದ್ದಳು. ರಕ್ತ ತೆಗೆದುಕೊಂಡರು. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಆ ಗಡಗಡ ಸದ್ದಿಗೆ ಅವನು ಹೆದರಲಿಲ್ಲ, ಕ್ರೇನು ಅದಕ್ಕಿಂತ ಜೋರು. ಹೆದರಿದ್ದು ನೆನಪಿನ ಪರೀಕ್ಷೆಗೆ. ಐದು ಪದ ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. ನಾಲ್ಕು ಹೇಳಿದ. ಐದನೆಯದಕ್ಕೆ ಇಂಗು ತಿಂದ ಮಂಗನಂತೆ ಕೂತ.

ಇವತ್ತು ಫಲಿತಾಂಶ. ಕೋಣೆ ಚಿಕ್ಕದು. ಒಂದು ಮೇಜು, ಮೂರು ಕುರ್ಚಿ, ಕೈ ತೊಳೆಯುವ ಬೇಸಿನ್ನು, ಕಿಟಕಿಯಾಚೆ ಇನ್ನೊಂದು ಕಟ್ಟಡದ ಗೋಡೆ. ಡಾಕ್ಟರಮ್ಮ ಮಗಳಿಗಿಂತ ಚಿಕ್ಕವರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವರು ಪರದೆಯನ್ನು ಇವನ ಕಡೆ ತಿರುಗಿಸಿದರು. ಒಂದು ಕಡೆ ಅವನ ತಲೆಯ ಒಳಗು, ಪಕ್ಕದಲ್ಲಿ ಹಸಿರು, ಹಳದಿ, ಕೆಂಪಿನ ಒಂದು ಪಟ್ಟಿ. ಪಟ್ಟಿಯ ಮೇಲಿನ ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಕೆಂಪು ಎಂದರೆ ಏನು ಎಂದು ಕ್ರೇನಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. "ಅಪಾಯ ಎಷ್ಟು ಅಂತ ಲೆಕ್ಕ ಹಾಕೋ ಈ ಯಂತ್ರ ಚಿತ್ರ ಒಂದನ್ನೇ ನೋಡಲ್ಲ. ನಿಮ್ಮ ವಯಸ್ಸು, ರಕ್ತದ ವರದಿ, ಪರೀಕ್ಷೆಯ ಅಂಕ, ಎಲ್ಲಾ ಸೇರಿಸಿ ನೋಡುತ್ತೆ. ಐವತ್ತೆಂಟಕ್ಕೆ ಮೆದುಳು ಇಷ್ಟು ಸೊರಗಬಾರದಿತ್ತು. ಇದೇ ಚಿತ್ರ ಅರವತ್ತೈದರ ಹತ್ತಿರದವರದಾಗಿದ್ರೆ ನಾನೂ ತಲೆ ಕೆಡಿಸ್ಕೋತಿರಲಿಲ್ಲ, ಯಂತ್ರವೂ ಕೆಡಿಸ್ಕೋತಿರಲಿಲ್ಲ."

ಮರೆವಿನ ಕಾಯಿಲೆಯ ಶುರು ಇರಬಹುದು, ಎತ್ತರದ ಕೆಲಸ ಬೇಡ, ಚೀಟಿ ಕೊಡಲು ಬರುವುದಿಲ್ಲ ಎಂದರು. ಮಗಳು ಕರ್ಚೀಫು ತೆಗೆದಳು. ಡಾಕ್ಟರಮ್ಮನ ಮಾತಿನಲ್ಲಿ ಅವನ ಕಿವಿಗೆ ಬಿದ್ದು ಅಲ್ಲೇ ಕಚ್ಚಿಕೊಂಡದ್ದು ಒಂದೇ, ಅರವತ್ತೈದರ ಹತ್ತಿರ. ಯಾಕೆಂದರೆ ಅವನಿಗೆ ಐವತ್ತೆಂಟಲ್ಲ. ಅರವತ್ತನಾಲ್ಕು.

ಇದನ್ನು ಬಲ್ಲವರು ಈಗ ಭೂಮಿಯ ಮೇಲೆ ಇಬ್ಬರೇ, ಅವನು ಮತ್ತು ಅವನ ಅಕ್ಕ. ಚಿಕ್ಕಂದಿನಲ್ಲಿ ಕಾಲಿನ ಮೂಳೆಗೆ ಕಾಯಿಲೆ ಬಂದು ಅವನು ವರ್ಷಾನುಗಟ್ಟಲೆ ಮಂಚ ಹಿಡಿದಿದ್ದ. ಎದ್ದು ಓಡಾಡುವ ಹೊತ್ತಿಗೆ ಹನ್ನೊಂದು ದಾಟಿತ್ತು, ಆದರೆ ಸೊರಗಿ ಸೊರಗಿ ಆರರ ಹುಡುಗನ ಮೈ. ಇಷ್ಟು ದೊಡ್ಡವನನ್ನು ಒಂದನೇ ತರಗತಿಗೆ ಸೇರಿಸುವುದಿಲ್ಲ ಎಂದರು ಶಾಲೆಯವರು. ಅದೇ ವರ್ಷ ಅವನ ತಮ್ಮ ಐದು ತುಂಬಿದವನು ಜ್ವರ ಬಂದು ತೀರಿಕೊಂಡಿದ್ದ. ತಮ್ಮನ ಜನನದ ಕಾಗದ ಮನೆಯಲ್ಲೇ ಇತ್ತು. ಅಮ್ಮ ಅಕ್ಷರ ಬಾರದವಳು, ಆದರೆ ಬುದ್ಧಿ ಚುರುಕು. ಸತ್ತ ಮಗನ ಕಾಗದ ಹಿಡಿದು ಬದುಕಿದ ಮಗನನ್ನು ಪಕ್ಕದೂರಿನ ಶಾಲೆಗೆ ಸೇರಿಸಿದಳು. ಅವತ್ತಿನಿಂದ ತಮ್ಮನ ಹೆಸರೇ ಇವನ ಹೆಸರು, ತಮ್ಮನ ವಯಸ್ಸೇ ಇವನ ವಯಸ್ಸು. ಯಾರು ಕೇಳಿದರೂ, ಸರ್ಕಾರದವರು ಕೇಳಿದರಂತೂ ಪ್ರಾಣ ಹೋದರೂ ಬಾಯಿ ಬಿಡಬಾರದು ಎಂದು ಇಬ್ಬರು ಮಕ್ಕಳಿಂದಲೂ ಆಣೆ ಹಾಕಿಸಿಕೊಂಡಿದ್ದಳು. ಕಟ್ಟಿಕೊಂಡ ಹೆಂಡತಿಗೂ ಅವನು ಹೇಳಿರಲಿಲ್ಲ. ಗಂಡ ತನಗಿಂತ ಎರಡೇ ವರ್ಷ ದೊಡ್ಡವನು, ಕೂದಲು ಮಾತ್ರ ಬೇಗ ನೆರೆಯಿತು ಎಂದು ಅವಳು ಪಾಪ ಕಂಡವರಿಗೆಲ್ಲ ಸಮರ್ಥನೆ ಕೊಡುತ್ತಿದ್ದಳು.

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಅಮ್ಮನ ಆಣೆ ಮುರಿದಂತೆ. ಬಿಡದಿದ್ದರೆ ಕ್ರೇನು ಹೋಯಿತು, ಜೊತೆಗೆ ಮರೆಗುಳಿ ಎಂಬ ಪಟ್ಟ. ಕೊನೆಗೆ ಹೇಳಿಯೇ ಬಿಟ್ಟ.

"ಡಾಕ್ಟ್ರೇ, ನೀವು ಹಾಕಿರೋ ವಯಸ್ಸು ತಪ್ಪು. ಅದು ನಂದಲ್ಲ, ನನ್ನ ತಮ್ಮಂದು. ನನಗೆ ಅರವತ್ನಾಲ್ಕು."

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಹೊರಬಿದ್ದರೆ ಕೋಣೆಯೇ ನಡುಗೀತು ಎಂದುಕೊಂಡಿದ್ದ. ಏನೂ ನಡುಗಲಿಲ್ಲ. ಡಾಕ್ಟರಮ್ಮ ಮುಗುಳ್ನಗುತ್ತಾ ತಲೆಯಾಡಿಸಿದರು, ಮಕ್ಕಳು ಕನಸು ಹೇಳಿದಾಗ ದೊಡ್ಡವರು ಆಡಿಸುವ ಹಾಗೆ. ಮಗಳು ಅವನ ಕೈ ಹಿಡಿದುಕೊಂಡು, ನಿಮಗೆ ತಮ್ಮನೇ ಇಲ್ಲವಲ್ಲ ಅಪ್ಪಾ ಎಂದಳು. ಅವನು ಬಿಡಿಸಿ ಹೇಳಲು ಹೊರಟ. ಹೇಳಿದಷ್ಟೂ ಕೆಟ್ಟಿತು. ತಮ್ಮ ಸತ್ತ, ಆದರೆ ಕಾಗದದ ಪ್ರಕಾರ ಸತ್ತಿಲ್ಲ, ಕಾಗದದ ಪ್ರಕಾರ ನಾನೇ ಅವನು, ನಿಜಕ್ಕೂ ನಾನು ಅವನಲ್ಲ. ತನ್ನ ಮಾತು ತನ್ನ ಕಿವಿಗೇ ತಲೆಕೆಟ್ಟವನ ಮಾತಿನಂತೆ ಕೇಳಿಸತೊಡಗಿತು. ಈಗ ಯಾವ ವರ್ಷ ನಡೀತಿದೆ ಹೇಳ್ತೀರಾ ಎಂದು ಡಾಕ್ಟರಮ್ಮ ಮೆತ್ತಗೆ ಕೇಳಿದರು. ಅವನು ಸರಿಯಾಗಿಯೇ ಹೇಳಿದ. ಆದರೂ ಅವರು ಕೀಬೋರ್ಡಿನ ಕಡೆ ತಿರುಗಿ ಏನೋ ಬರೆದರು. ಮಗಳು ಪರದೆಯನ್ನು ಓದಿ ಮುಖ ಆಚೆ ತಿರುಗಿಸಿದಳು. ಸ್ವಂತ ವಯಸ್ಸಿನ ಬಗ್ಗೆ ಗೊಂದಲವಿದೆ ಎಂದು ಬರೆದಿದ್ದರು.

ಅವನು ಜನ್ಮದಲ್ಲಿ ಮೊದಲ ಸಲ ನಿಜ ಹೇಳಿದ್ದ, ಅದನ್ನೇ ಕಾಯಿಲೆಯ ಲೆಕ್ಕಕ್ಕೆ ಜಮಾ ಮಾಡಿಬಿಟ್ಟಿದ್ದರು. ಅಕ್ಕನಿಗೆ ಫೋನು ಮಾಡು ಎಂದು ಮಗಳನ್ನು ಪೀಡಿಸಿದ. ಅಕ್ಕ ಹೇಳಲಿ, ಅವಳ ತಲೆಯಲ್ಲಂತೂ ಏನೂ ಕೆಟ್ಟಿಲ್ಲವಲ್ಲ. ಸಮಾಧಾನವಾದರೂ ಆಗಲಿ ಎಂದು ಮಗಳು ಅತ್ತೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಆಸ್ಪತ್ರೆಯಲ್ಲಿದ್ದೇವೆ, ಅಪ್ಪನ ನಿಜವಾದ ವಯಸ್ಸು ಎಷ್ಟು ಅಂತ ಡಾಕ್ಟರಿಗೆ ಬೇಕಂತೆ ಎಂದಳು.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಿಜವಾದ್ದು ಸುಳ್ಳಾದ್ದು ಅಂತ ಎರಡಿರುತ್ತಾ?" ಎಂದಳು ಅಕ್ಕ. "ಅವನ ಕಾಗದದಲ್ಲಿ ಏನಿದೆಯೋ ಅದೇ. ಬರೆದವರೇನು ದಡ್ಡರಾ?"

ಇವರಿಗೆ ತಮ್ಮ ಅಂತ ಯಾರಾದರೂ ಇದ್ದರಾ ಎಂದು ಡಾಕ್ಟರಮ್ಮ ಕೇಳಿದರು. ಗುರುತಿಲ್ಲದ ದನಿ ಕೇಳಿದ್ದೇ ಅಕ್ಕ ಇನ್ನಷ್ಟು ಗಟ್ಟಿಯಾದಳು. "ಯಾವ ತಮ್ಮಾನೂ ಇಲ್ಲ. ನಮ್ಮಮ್ಮನಿಗೆ ನಾವಿಬ್ರೇ ಮಕ್ಕಳು."

ಭೇಷ್ ಅಕ್ಕಾ. ಅಮ್ಮ ಇದ್ದಿದ್ದರೆ ತಬ್ಬಿಕೊಳ್ಳುತ್ತಿದ್ದಳು. ಜೀವಮಾನವೆಲ್ಲ ಯಾರೂ ಕೇಳದ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದಳು ಪುಣ್ಯಾತ್ಗಿತ್ತಿ, ಇವನನ್ನು ಉಳಿಸುತ್ತಿದ್ದೇನೆ ಎಂದುಕೊಂಡೇ ಮುಳುಗಿಸಿದಳು. ಡಾಕ್ಟರಮ್ಮ ಮಗಳ ಮುಖ ನೋಡಿದರು. ಮಗಳು ಫೋನಿಗೆ ಕೈ ಹಾಕಿದಳು. ಅವನು ಆ ಕೈ ಹಿಡಿದು ತಡೆದು ಮೇಜಿನ ಮೇಲೆ ಬಗ್ಗಿದ.

"ಅಕ್ಕಾ, ಇವರು ಪೊಲೀಸ್ನೋರಲ್ಲ. ನನಗೆ ಮರೆವಿನ ಕಾಯಿಲೆ ಅಂತಿದ್ದಾರೆ. ಅವನು ಹುಟ್ಟೇ ಇಲ್ಲ ಅಂತ ನೀನಂದ್ರೆ ನಾನು ಹುಚ್ಚ ಅಂತಾನೇ ಅರ್ಥ. ಅವನು ಇರಲಿಲ್ವಾ ಅಕ್ಕಾ?"

ಫೋನು ಕಟ್ಟಾಯಿತೇನೋ ಎಂದು ಮಗಳು ಬಗ್ಗಿ ನೋಡಿದಳು. ಆಮೇಲೆ ಮೂಗು ಎಳೆದುಕೊಳ್ಳುವ ಸದ್ದು ಬಂತು.

"ಇದ್ದ," ಎಂದಳು ಅಕ್ಕ. "ಐದು ವರ್ಷ ಇದ್ದ. ಇವನು ಮಂಚದಿಂದ ಏಳೋ ಹಾಗಿರಲಿಲ್ಲ, ಅವನನ್ನ ಎತ್ಕೊಂಡು ಹೋಗೋದನ್ನ ಕಿಟಕಿಯಿಂದ ನೋಡಿದ. ಆ ಕೂಸಿಗೆ ಅಂತ ಅಳೋದಕ್ಕೂ ಬಿಡಲಿಲ್ಲ ನಮ್ಮನ್ನ. ಅತ್ರೆ ಸತ್ತವನು ಯಾವನು ಅಂತ ಅಕ್ಕಪಕ್ಕದವರು ಲೆಕ್ಕ ಹಾಕ್ತಾರೆ ಅಂತ."

ಮಗಳು ಕರ್ಚೀಫನ್ನು ಬಾಯಿಗೊತ್ತಿಕೊಂಡಳು. ಡಾಕ್ಟರಮ್ಮ ಅಕ್ಕನಿಂದ ಇನ್ನೊಂದಿಷ್ಟು ವಿವರ ಕೇಳಿ ತಿಳಿದುಕೊಂಡರು, ಇಲ್ಲಿ ಆಡಿದ ಮಾತು ಈ ಕೋಣೆ ಬಿಟ್ಟು ಹೋಗುವುದಿಲ್ಲ ಎಂದು ಭಾಷೆ ಕೊಟ್ಟರು, ಫೋನು ಇಟ್ಟ ಮೇಲೆ ಹಿಂದೆ ಬರೆದ ಸಾಲನ್ನು ಅಳಿಸಿ ವಯಸ್ಸನ್ನು ತಿದ್ದಿದರು. ಯಂತ್ರ ಒಂದು ಗಳಿಗೆ ಯೋಚಿಸಿತು. ತಲೆಯ ಚಿತ್ರ ಅದೇ, ರಕ್ತ ಅದೇ, ನಾಲ್ಕು ಪದವೂ ಅವೇ. ಮುಳ್ಳು ಮಾತ್ರ ಕೆಂಪು ಬಿಟ್ಟು, ಹಳದಿ ದಾಟಿ, ಹಸಿರಿನ ಅಂಚಿಗೆ ಬಂದು ನಿಂತಿತು.

ಕೋಣೆಯಲ್ಲಿ ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಮಗಳು ಅಳುತ್ತಲೇ ನಕ್ಕಳು. ಅಮ್ಮನಿಗೆ ಮಾತ್ರ ನೀವೇ ಹೇಳಬೇಕು, ನಾನು ಆ ಸುದ್ದಿಗೇ ಬರುವುದಿಲ್ಲ ಎಂದಳು. ಅವನೂ ನಕ್ಕ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಈ ವಯಸ್ಸಿಗೆ ಇಷ್ಟು ಸಹಜ, ವರ್ಷ ಬಿಟ್ಟು ಮತ್ತೆ ನೋಡೋಣ ಎನ್ನುತ್ತಾ ಡಾಕ್ಟರಮ್ಮ ಚೀಟಿಗೆ ಸಹಿ ಹಾಕಿ, ಅವನ ಮುಂದೆ ಇಟ್ಟರು. ಹಾಗೆಯೇ, ಹೊರಡುವವರನ್ನು ಮಾತಾಡಿಸುವಂತೆ ಕೇಳಿದರು.

"ಈಗಿರೋದು ತಮ್ಮನ ಹೆಸರು ಅಂದ್ರಲ್ಲ. ನಿಮ್ಮದೇ ಹೆಸರು ಏನಿತ್ತು?"

ಇದೆಂಥ ದೊಡ್ಡ ಪ್ರಶ್ನೆ ಎಂದು ಅವನು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

ನಾಲಿಗೆಯ ತುದಿಯಲ್ಲಿರಬಹುದು ಎಂದು ಒಂದು ಗಳಿಗೆ ಕಾದ. ಅಲ್ಲಿರಲಿಲ್ಲ. ಹನ್ನೊಂದು ವರ್ಷ ಅವನನ್ನು ಎಲ್ಲರೂ ಕೂಗಿದ್ದ ಹೆಸರು ಅದು. ಮಂಚ ನೆನಪಾಯಿತು, ಕಿಟಕಿ ನೆನಪಾಯಿತು, ಅಡುಗೆಮನೆಯ ಬಾಗಿಲಲ್ಲಿ ಔಷಧಿಯ ಲೋಟ ಹಿಡಿದು ನಿಂತ ಅಮ್ಮ ನೆನಪಾದಳು. ಅವಳು ತನ್ನನ್ನು ಕೂಗುತ್ತಿದ್ದಳು, ತುಟಿಗಳು ಅಲ್ಲಾಡುತ್ತಿದ್ದವು, ಹೆಸರು ಮಾತ್ರ ಕೇಳಿಸುತ್ತಿರಲಿಲ್ಲ. ಮಗಳು ಆಸೆಯಿಂದ ಮುಂದೆ ಬಾಗಿದ್ದಳು, ಈ ಸಲ ತುಟಿಯಲ್ಲಿ ಆಡಿಸಲು ಅವಳ ಬಳಿಯೂ ಉತ್ತರವಿರಲಿಲ್ಲ. ಯಾವುದೋ ಒಂದು ಹೆಸರು ಹೇಳಿಬಿಟ್ಟರೆ ಮುಗಿಯಿತು, ಇಲ್ಲಿ ಯಾರಿಗೆ ಗೊತ್ತಾಗಬೇಕು. ಚೀಟಿ ಕೈಯಳತೆಯಲ್ಲಿತ್ತು. ಅಕ್ಕನನ್ನು ಕೇಳಿದರೂ ಈ ಸಲ ಇವನು ಹೇಳಿದ್ದನ್ನೇ ಹೌದು ಅನ್ನುತ್ತಾಳೆ. ನಾಳೆ ಬೆಳಿಗ್ಗೆ ಮೇಲೆ ಹತ್ತಬಹುದು, ಕಟ್ಟಿನ ನೆರಳಿನಲ್ಲಿ ಮತ್ತೆ ಯಾರಾದರೂ ನಿಂತಿರುತ್ತಾರೆ.

ಅವನು ಚೀಟಿಯನ್ನು ಬೆರಳಿನಿಂದ ಮೆಲ್ಲಗೆ ಡಾಕ್ಟರಮ್ಮನ ಕಡೆಗೆ ತಳ್ಳಿದ.

"ನೆನಪಾಗ್ತಿಲ್ಲ ಡಾಕ್ಟ್ರೇ," ಎಂದ. "ಅದನ್ನೂ ನಿಮ್ಮ ಯಂತ್ರದೊಳಗೆ ಸೇರಿಸಿ."