ನಸ್ರುಲ್ಲಾನ ಪಾಲಿನ ಪದ

ನಗುವುದಿದ್ದರೆ ಈಗಲೇ ನಕ್ಕು ಮುಗಿಸಿಕೊಳ್ಳಿ. ನಡುನಡುವೆ ಕಿಸಕ್ಕೆಂದರೆ ಕಥೆ ಕೆಡುತ್ತದೆ. ಮುದುಕನಿಗೆ ಬೆಳಗ್ಗೆ ತಿಂದದ್ದು ನೆನಪಿರುವುದಿಲ್ಲ, ಅರವತ್ನಾಲ್ಕನೇ ಇಸವಿಯ ಮಾತು ಹೇಳುತ್ತಾನೆ ಅಂತೀರಲ್ಲ, ಬೆಳಗ್ಗೆ ತಿಂದದ್ದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನಿತ್ತು? ಉಪ್ಪಿಟ್ಟು. ಅದರಲ್ಲೂ ಉಪ್ಪಿರಲಿಲ್ಲ. ಸಿರಾದಲ್ಲಿ ಕಪಿಲೆ ಪದದ ಕಚೇರಿ ನಡೆದೇ ಇಲ್ಲ, ಅದರ ಗ್ರಾಮಫೋನ್ ಪ್ಲೇಟು ಬಂದೇ ಇಲ್ಲ ಅಂತ ವಾದ ಮಾಡುವ ಮಹಾಶಯರೇ, ಆಗ ನಿಮ್ಮಪ್ಪನೇ ಹುಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಬುಕ್ಕಾಪಟ್ಟಣದ ಈಚೆಗೆ ದೊಡ್ಡರಂಗಪ್ಪನ ಬಾವಿ. ಕತ್ತಾಳೆ ಬೇಲಿಯ ಆಚೆಗೆ ನಸ್ರುಲ್ಲಾನ ಬಾವಿ. ನಸ್ರುಲ್ಲಾನ ಅಣ್ಣತಮ್ಮಂದಿರೆಲ್ಲ ಸಿರಾ ಪೇಟೆಯಲ್ಲಿ ಅಂಗಡಿ ಇಟ್ಟು ನೆರಳಲ್ಲಿ ಕೂತಿದ್ದರು. ಇವನೊಬ್ಬ ಹೊಲ, ಎತ್ತು ಅಂತ ಬಿಸಿಲಿಗೆ ಬಿದ್ದವನು. ಇಬ್ಬರೂ ಕಪಿಲೆ ಹೊಡೆಯುತ್ತಿದ್ದರು. ಕಪಿಲೆ ನೋಡದವರಿಗೆ ಹೇಳಬೇಕು: ಬಾವಿಯ ಬಾಯಿಗೆ ರಾಟೆ, ರಾಟೆಯ ಮೇಲೆ ಮಿಣಿ ಅನ್ನುವ ದಪ್ಪ ಹಗ್ಗ, ಹಗ್ಗದ ಒಂದು ತುದಿಗೆ ನೀರೆತ್ತುವ ಚರ್ಮದ ಬಾನಿ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಇಳಿದರೆ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಆಮೇಲೆ ಎತ್ತು ಮುಖ ತಿರುಗಿಸದೆ ಹಿಂದಹಿಂದಕ್ಕೆ ಏರಬೇಕು, ಬಾನಿ ಮತ್ತೆ ಬಾವಿಗೆ ಇಳಿಯಬೇಕು. ದಿನವಿಡೀ ಇದೇ ಕೆಲಸ.

ಎತ್ತು ಇಳಿಯುವಾಗ ಹೊಡೆಯುವವನು ಹಾಡುತ್ತಾನೆ. ಆ ಹಾಡು ಕೇಳಿದರೇ ಎತ್ತು ಎಳೆಯುವುದು. ಹಿಂದಕ್ಕೆ ಏರುವಾಗ ಮಾತ್ರ ಅವನು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಎತ್ತು ಎಳೆಯುವ ಹೊತ್ತಾಯಿತು ಅಂದುಕೊಂಡು ಮುಂದಕ್ಕೆ ನುಗ್ಗುತ್ತದೆ, ಹಗ್ಗ ಹರಿಯುತ್ತದೆ. ಪಡ್ಡೆ ವಯಸ್ಸಿನಲ್ಲಿ ದೊಡ್ಡರಂಗಪ್ಪ ಹಾಗೆ ಒಮ್ಮೆ ಹಾಡಿ, ಒಳ್ಳೆಯ ಬಿಳಿ ಎತ್ತಿನ ಕಾಲು ಮುರಿದು, ಅವರಪ್ಪನ ಬಾರುಕೋಲಿನ ರುಚಿ ನೋಡಿದ್ದ.

ಅದಕ್ಕೇ ಅಕ್ಕಪಕ್ಕದ ಬಾವಿಯವರು ಒಂದು ಪದವನ್ನು ಎರಡು ಪಾಲು ಮಾಡಿಕೊಳ್ಳುತ್ತಿದ್ದರು. ದೊಡ್ಡರಂಗಪ್ಪನ ಎತ್ತು ಇಳಿಯುವಾಗ ಅವನ ಸಾಲು. ಅವು ಹಿಂದಕ್ಕೆ ಏರುವಾಗ ಬೇಲಿಯಾಚೆ ನಸ್ರುಲ್ಲಾನ ಎತ್ತು ಇಳಿಯುತ್ತಿರುತ್ತವೆ, ಆಗ ಅವನ ಸಾಲು. ಇವನು ಪ್ರಶ್ನೆ ಎಸೆದರೆ ಅವನು ಜವಾಬು ಎಸೆಯುತ್ತಿದ್ದ. ಮೂವತ್ತು ವರ್ಷ ಹೀಗೆ ಬೇಲಿಯ ಮೇಲೆ ಪದ ಓಡಾಡಿತು. ನಡುಬೇಸಿಗೆಯಲ್ಲಿ ಬಾವಿ ಬತ್ತಿದಾಗ ನಸ್ರುಲ್ಲಾ ಎತ್ತು ಹೊಡೆದುಕೊಂಡು ಪಾವಗಡ, ಮಧುಗಿರಿ, ಕೊರಟಗೆರೆ ಕಡೆಗೆ ಕೂಲಿ ಕಪಿಲೆಗೆ ಹೋಗಿಬಿಡುತ್ತಿದ್ದ. ಆ ತಿಂಗಳುಗಳಲ್ಲಿ ದೊಡ್ಡರಂಗಪ್ಪ ಹೆಂಡತಿ ತವರಿಗೆ ಹೋದವನ ಹಾಗೆ ಮುಖ ಊದಿಸಿಕೊಂಡು ಇರುತ್ತಿದ್ದ.

ಅರವತ್ತೆರಡರಲ್ಲಿ ನಸ್ರುಲ್ಲಾ ಜ್ವರ ಅಂತ ಮಲಗಿದವನು ಏಳಲಿಲ್ಲ. ಅವನ ಬಾವಿಗೆ ಅಣ್ಣತಮ್ಮಂದಿರು ಎಣ್ಣೆ ಇಂಜಿನ್ನು ಇಳಿಸಿದರು. ದೊಡ್ಡರಂಗಪ್ಪ ತನ್ನ ಸಾಲು ಹಾಡಿ ಸುಮ್ಮನಾಗುತ್ತಿದ್ದ. ಎತ್ತು ಹಿಂದಕ್ಕೆ ನಡೆಯುತ್ತಿದ್ದವು. ಬೇಲಿಯ ಆಚೆಯಿಂದ ಟಕಟಕಟಕ.

“ಅರ್ಧ ಹಾಡಿ ಬಾಯ್ಮುಚ್ಕತೀಯಲ್ಲ, ಮಿಕ್ಕಿದ್ನ ಇಂಜಿನ್ನು ಹಾಡ್ತದಾ?” ಎಂದು ಹೆಂಡತಿ ಕೆಂಚಮ್ಮ ಕೆಣಕಿದಳು.

“ಸುಮ್ಕಿರೇ. ಅದು ಅವ್ನ ಜಾಗ.”

ಹೀಗಿರುವಾಗ ಗುಲಾಮ್ ಮೊಹಿದ್ದೀನ್ ಸೈಕಲ್ಲು ತುಳಿದುಕೊಂಡು ಬಂದ. ಸಿರಾದಲ್ಲಿ ಗ್ರಾಮಫೋನ್ ಪ್ಲೇಟು ಮಾರುವವನು, ಮದುವೆಗೆ ಮೈಕ್ ಸೆಟ್ಟು ಬಾಡಿಗೆ ಕೊಡುವವನು. ಅವನ ಬಾಯಿಗೆ ಮೈಕೇ ಬೇಡ.

“ರಂಗಪ್ಪ ಭಾಯಿ, ಬೆಂಗ್ಳೂರಿಂದ ಪ್ಲೇಟು ಕಂಪ್ನಿಯೋರು ಬತ್ತಾವ್ರೆ! ಸತ್ತೋದ ಕಪಿಲೆ ಪದದೋರ ಹೆಸ್ರು ಹೇಳಿ, ಅವ್ರ ಪದಾನ ಇರೋರ ಕೈಲಿ ಹಾಡಿಸ್ತಾರಂತೆ. ಜನ ಕೂರ್ಸಿ, ಅವ್ರ ಮುಂದ್ಗಡೆನೇ. ಅಮೇರಿಕಾದಾಗೆ ಹತ್ತಿ ಹೊಲದ ಕೂಲಿಯೋರ ಹಾಡ್ನೂ ಇಂಗೇ ಪ್ಲೇಟು ಮಾಡ್ತಾರಂತೆ.”

“ಅಲ್ಲೂ ಕಪಿಲೆ ಐತಾ?”

“ಅರೆ, ನಂಗೇನು ಗೊತ್ತು? ನಸ್ರುಲ್ಲಾ ಭಾಯಿ ಪದ ನೀನೇ ಹಾಡ್ಬೇಕು. ಇನ್ಯಾರವ್ರೆ ಹೇಳು.”

ದೊಡ್ಡರಂಗಪ್ಪ ಆಗಲಿ ಅನ್ನುವ ಮೊದಲು ಸಿರಾಕ್ಕೆ ಹೋಗಿ ನಸ್ರುಲ್ಲಾನ ಹೆಂಡತಿ ಅಮೀನಾಬಿಯನ್ನು ಕೇಳಿದ. ಆಕೆ ಆಗ ಭಾವನ ಮನೆಯಲ್ಲಿದ್ದಳು. ಬಾಗಿಲ ಹಿಂದೆ ನಿಂತೇ ಮಾತಾಡಿದಳು.

“ಹಾಡಣ್ಣ. ಕೇಳ್ಬೇಕಾ? ನಾ ಬುತ್ತಿ ತರೋಷ್ಟೊತ್ಗೆ ಅವ್ರು ಎತ್ತು ಬಿಟ್ಟು ಉಣ್ಣಾಕೆ ಕಾಯ್ಕೊಂಡು ಕೂತಿರೋರು. ಊರೆಲ್ಲ ಕೇಳ್ತು, ನಾ ಅವ್ರ ಪದ ಒಂದಿನ ಕೇಳ್ಲಿಲ್ಲ. ಹಾಡಿ ಅಂದ್ರೆ, ಎತ್ತಿಲ್ದೆ ಹೆಂಗೆ ಹಾಡ್ಲಿ ಅಂತ ನಗೋರು. ಅವ್ರ ಪಾಲಿನ ಸಾಲು ಪ್ಲೇಟಿನಾಗಾದ್ರೂ ಬರ್ಲಿ. ಒಂದ್ಸಲ ಕೇಳಿ ಸಾಯ್ತೀನಿ.”

“ಬುಡವ್ವ, ಬತ್ತದೆ. ನಾನಿಲ್ವಾ?” ಅಂದ ದೊಡ್ಡರಂಗಪ್ಪ.

ಊರಿಗೆ ಬರುವ ದಾರಿಯಲ್ಲಿ, ತಾನು ಒಪ್ಪಿಕೊಂಡದ್ದು ಏನು ಅನ್ನುವುದು ಅವನ ತಲೆಗೆ ಹೊಳೆಯಿತು. ನಸ್ರುಲ್ಲಾನ ಸಾಲು ಅವನಿಗೆ ಬಾಯಿಪಾಠ ಇತ್ತು. ಆದರೆ ಒಂದು ದಿನವೂ ಅವನ ಬಾಯಿಂದ ಅದು ಹೊರಗೆ ಬಂದಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತು, ಎತ್ತೂ ಇಲ್ಲದೆ, ಹಗ್ಗವೂ ಇಲ್ಲದೆ ಪ್ರಯತ್ನ ಮಾಡಿದ. ತನ್ನ ಸಾಲು ನೀಟಾಗಿ ಬಂತು. ನಸ್ರುಲ್ಲಾನ ಸಾಲಿನ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತು. ಕಾಲು ತಾನಾಗಿ ಹಿಂದಕ್ಕೆ ಹೆಜ್ಜೆ ಇಟ್ಟವು. ಬಿಳಿ ಎತ್ತು ಮುರಿದ ಕಾಲು ಎಳೆದುಕೊಂಡು ಕಣ್ಣ ಮುಂದೆ ಬಂತು.

ಪ್ಲೇಟು ಕಂಪನಿಯ ಮಹಾಲಿಂಗಯ್ಯ ಬಂದಾಗ ದೊಡ್ಡರಂಗಪ್ಪ ಇದನ್ನೇ ಹೇಳಿದ. ಮಹಾಲಿಂಗಯ್ಯ ಕೆಟ್ಟವನಲ್ಲ, ಕಪಿಲೆ ಪದದ ಮೇಲೆ ಪ್ರಾಣ ಇಟ್ಟುಕೊಂಡವನು. ಕಂಪನಿಯ ದೊಡ್ಡವರ ಹತ್ತಿರ ಗುದ್ದಾಡಿ ಈ ಪ್ಲೇಟಿಗೆ ಒಪ್ಪಿಸಿದ್ದವನು. ಹಾಡುವವರ ಮನೆಯ ಜಗುಲಿಯಲ್ಲಿ ಮುದ್ದೆ ತಿಂದುಕೊಂಡು ನಾಲ್ಕೂ ತಾಲೂಕು ಸುತ್ತಿದ್ದ.

“ಪರವಾಗಿಲ್ಲ ಯಜಮಾನರೇ. ನಿಮ್ಮ ಸಾಲು ನೀವು ಹಾಡಿ. ನಡುವೆ ಸುಮ್ಮನಿರೋದನ್ನ ಬೆಂಗಳೂರಲ್ಲಿ ಬ್ಲೇಡ್ ಹಾಕಿ ಕತ್ತರಿಸಿ, ಎರಡೂ ತುದಿ ಅಂಟಿಸಿಬಿಡ್ತೀವಿ. ಟೇಪಲ್ಲಿ ಗೊತ್ತೇ ಆಗೋದಿಲ್ಲ.”

“ಕತ್ತರಿಸ್ತೀರಾ? ಅದು ನಸ್ರು ಇರೋ ಜಾಗ ಸ್ವಾಮಿ.”

“ಅಲ್ಲಿ ಏನೂ ಇಲ್ವಲ್ಲ. ಖಾಲಿ ಪ್ಲೇಟು ಕೇಳಿ ಅಂತ ಜನಕ್ಕೆ ಹೇಗೆ ಕೊಡೋದು?”

ದೊಡ್ಡರಂಗಪ್ಪ ಬಾವಿಯ ಕಟ್ಟೆಗೆ ಹೋಗಿ ಕೂತ. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಏನಿತ್ತು? ಆದರೆ ಹಾಡಿದರೆ ತನ್ನ ಅರ್ಧ ಮಾತ್ರ ಪ್ಲೇಟಿಗೆ ಹೋಗುತ್ತದೆ, ನಸ್ರುಲ್ಲಾನದು ಕಸದ ಬುಟ್ಟಿಗೆ. ಹಾಡದಿದ್ದರೆ ಅವನ ಹೆಸರೂ ಇಲ್ಲ. ಅಮೀನಾಬಿಗೆ ಯಾವ ಮುಖ ತೋರಿಸುವುದು?

ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ, ಸಿರಾದ ಕಡಲೆಕಾಯಿ ಮಿಲ್ಲಿನ ಕಣದಲ್ಲಿ ಕಚೇರಿ. ಆವತ್ತು ಮಿಲ್ಲಿಗೆ ರಜ. ಸದ್ದಿರಬಾರದು ಅಂತ ಮಹಾಲಿಂಗಯ್ಯನೇ ಆ ಜಾಗ ಆರಿಸಿದ್ದ. ಐನೂರು ಜನ ಬಂದರೆ ಹೆಚ್ಚು ಅಂದುಕೊಂಡಿದ್ದರು. ಪಾವಗಡದಿಂದ ಬಸ್ಸಿನ ಮೇಲೆ ಕೂತು ಬಂದರು. ಮಧುಗಿರಿ, ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಪಟ್ಟನಾಯಕನಹಳ್ಳಿ ಕಡೆಯವರು ನಡೆದೇ ಬಂದರು. ಕಣ ತುಂಬಿ ಕಾಂಪೌಂಡಿನ ಗೋಡೆ ತುಂಬಿತು. ಬಹಳ ಮಂದಿ ಅಂಗೈ ಗಂಟುಗಟ್ಟಿದ ಮುದುಕರು, ಮನೆಯ ಬಾವಿಗೆ ಪಂಪು ಬಂದು ಕೈ ಖಾಲಿಯಾದವರು. ಒಂದು ಪಕ್ಕಕ್ಕೆ ಗೋಣಿ ತಟ್ಟಿನ ಮರೆ ಕಟ್ಟಿ ಹೆಂಗಸರಿಗೆ ಜಾಗ ಮಾಡಿದ್ದರು. ಅಮೀನಾಬಿ ಅಲ್ಲಿದ್ದಳು.

ಮಹಾಲಿಂಗಯ್ಯ ಮೈಕಿನ ಮುಂದೆ ಕೈಮುಗಿದ. “ದಯವಿಟ್ಟು ಯಾರೂ ಸದ್ದು ಮಾಡಬೇಡಿ. ಕೆಮ್ಮು ಬಂದರೆ ಆಚೆ ಹೋಗಿ ಕೆಮ್ಮಿ ಬನ್ನಿ.”

“ಉಸ್ರು ಬಂದ್ರೆ ಏನ್ಮಾಡೋದು ಸೋಮಿ?” ಅಂತ ಗೋಡೆಯ ಮೇಲಿಂದ ಒಬ್ಬ ಕೂಗಿದ. ಜನ ಗೊಳ್ಳೆಂದರು. ಆಮೇಲೆ ಗಪ್ಪಾದರು.

ಹೋದವರ ಹೆಸರು ಒಂದೊಂದಾಗಿ ಹೇಳಿದರು. ಇಂಥ ಊರಿನ ಇಂಥವನು, ಇಂಥ ಬಾವಿ. ಪ್ರತಿ ಹೆಸರಿಗೂ ಕಣದ ಯಾವುದೋ ಮೂಲೆಯಲ್ಲಿ ಯಾರೋ ತಲೆಯ ಟವಲು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪದಗಳು ಒಂದರ ಹಿಂದೊಂದು ಆದವು. ಒಳ್ಳೆಯದಾಗಿಯೇ ಆದವು. ಜೊತೆಗಾರರು ಬದುಕಿದ್ದವರು ಇಬ್ಬಿಬ್ಬರಾಗಿ ಹಾಡಿದರು. ಕೊನೆಗೆ ಗುಲಾಮ್ ಮೊಹಿದ್ದೀನ್ ನಸ್ರುಲ್ಲಾನ ಹೆಸರು ಹೇಳಿದ. ದೊಡ್ಡರಂಗಪ್ಪ ಒಬ್ಬನೇ ಎದ್ದ.

ಮೈಕಿನ ಎದುರು ಒಂದು ಹೆಜ್ಜೆ ಮುಂದಿಟ್ಟು ಪದ ಎತ್ತಿದ:

“ಏಳಯ್ಯ ಬಸವಣ್ಣ ಇಳಿಜಾರು ಕರದೈತೆ,
ಬಾನಿ ತುಂಬ ಮೋಡ ಬರತೈತೋ...”

ಸಾಲು ಮುಗಿಯಿತು. ಬಾಯಿ ಮುಚ್ಚಿತು. ಮೈಕು ಇದೆ, ಜನ ಇದ್ದಾರೆ ಅನ್ನುವುದೆಲ್ಲ ಮರೆತು ಅವನು ಕೈಯನ್ನು ಎತ್ತಿನ ಬೆನ್ನಿನ ಮೇಲಿಟ್ಟ ಹಾಗೆ ಗಾಳಿಯಲ್ಲಿ ಇಟ್ಟು, ಮೆಲ್ಲಗೆ ಹಿಂದಕ್ಕೆ ನಡೆಯತೊಡಗಿದ. ಟೇಪಿನ ಚಕ್ರಗಳು ಸುಮ್ಮನೆ ತಿರುಗುತ್ತಿದ್ದವು. ಇದನ್ನು ಕತ್ತರಿಸುವುದೇ ಅಂತ ಮಹಾಲಿಂಗಯ್ಯ ತಲೆಯಲ್ಲಿ ಗುರುತು ಹಾಕಿಕೊಂಡ. ದೊಡ್ಡರಂಗಪ್ಪನ ಎದೆಯೊಳಗೆ ಒಂದೇ ಮಾತು: ನಸ್ರು, ಹೋಯ್ತು ಕಣ್ಲಾ, ನಿನ್ನ ಪಾಲು ಹೋಯ್ತು.

ಆಗ ಪಾವಗಡದವರು ಕೂತಿದ್ದ ಕಡೆಯಿಂದ, ಕೆರೆದುಹೋದ ಒಂದು ಮುದಿ ದನಿ ಎದ್ದಿತು:

“ಮಬ್ಬು ಈಡಿಕೊಚ್ಚೆ, ವಾನ ಯಾಡಿಕಿ ಪೋಯೆ,
ನಾ ಎದ್ದು ಕಂಟ್ಲೋನ ನಿಲಿಚೆನೋ...”

ಹಾಡಿದವನು ವಳ್ಳೂರಿನ ಒಬ್ಬ ಮುದುಕ. ಬೇಕೆಂದು ಹಾಡಿದ್ದಲ್ಲ. ಎದುರಿಗೆ ಒಬ್ಬ ಹಿಂದಕ್ಕೆ ನಡೆಯುತ್ತಿದ್ದಾನೆ ಅಂದರೆ ಈಗ ತನ್ನ ಎತ್ತು ಇಳಿಯುವ ಹೊತ್ತು, ಅಷ್ಟೇ. ಬಾಯಿ ತಾನಾಗಿ ತೆರೆದಿತ್ತು. ಹಾಡಿ ಮುಗಿಸಿ, ಸದ್ದು ಮಾಡಬಾರದು ಅಂದದ್ದು ನೆನಪಾಗಿ ಟವಲಿನಿಂದ ಬಾಯಿ ಮುಚ್ಚಿಕೊಂಡ.

ದೊಡ್ಡರಂಗಪ್ಪ ನಿಂತಲ್ಲೇ ನಿಂತ. ಅದು ಪಾವಗಡದ ಕಡೆಯ ತೆಲುಗು, ಆದರೆ ಅದು ನಸ್ರುಲ್ಲಾನದೇ ಸಾಲು. ಕೊನೆಯ ಓಕಾರವನ್ನು ಗಾಳಿಯಲ್ಲಿ ತಿರುವಿ ಬಿಡುವ ಆ ತಿರುವು ಕೂಡ ನಸ್ರುಲ್ಲಾನದೇ. ಕಾಲು ಮುಂದಕ್ಕೆ ಬಂತು. ಮತ್ತೆ ತನ್ನ ಸಾಲು ಎತ್ತಿದ, ಮುಗಿಸಿದ, ಹಿಂದಕ್ಕೆ ನಡೆದ.

ಈ ಸಲ ಒಂದು ದನಿಯಲ್ಲ. ಮಧುಗಿರಿಯವರ ಗುಂಪಿನಲ್ಲಿ ಮೂರು, ಕೊರಟಗೆರೆಯವರಲ್ಲಿ ಹತ್ತು, ಗೋಡೆಯ ಮೇಲೆ ಸಾಲಾಗಿ ಕೂತವರು ಎಷ್ಟೋ. ಮೂರನೇ ಸಲಕ್ಕೆ ಕಣವೇ ಎದ್ದು ನಿಂತಿತ್ತು:

“ಮೋಡ ಇಲ್ಲಿಗೆ ಬಂತು, ಮಳೆ ಎಲ್ಲಿಗೆ ಹೋಯ್ತು,
ನನ್ನೆತ್ತಿನ ಕಣ್ಣಾಗೆ ನಿಂತೈತೋ...”

ಒಂದೇ ಸಾಲು, ಎರಡು ಭಾಷೆ, ನೂರಾರು ಗಂಟಲು. ಹಾಡುವಾಗ ಎಲ್ಲರೂ ಮುಂದಕ್ಕೆ ಒಂದು ಹೆಜ್ಜೆ, ದೊಡ್ಡರಂಗಪ್ಪನ ಸಾಲಿಗೆ ಎಲ್ಲರೂ ತುಟಿ ಬಿಗಿದು ಹಿಂದಕ್ಕೆ ಒಂದು ಹೆಜ್ಜೆ. ಯಾರೂ ಹೇಳಿಕೊಟ್ಟದ್ದಲ್ಲ. ನೆಲದಿಂದ ಕಡಲೆಕಾಯಿ ಸಿಪ್ಪೆಯ ದೂಳು ಎದ್ದು ಬಿಸಿಲಿನಲ್ಲಿ ನಿಂತಿತು. ನಸ್ರುಲ್ಲಾ ಬೇಸಿಗೆಯಲ್ಲಿ ಹೋಗಿ ಕೂಲಿ ಹೊಡೆದ ಬಾವಿಗಳೆಷ್ಟು, ಆ ಬಾವಿಯವರಿಂದ ಪಕ್ಕದ ಬಾವಿಗೆ, ಅಲ್ಲಿಂದ ಅದರ ಪಕ್ಕಕ್ಕೆ ಆ ಸಾಲು ನಡೆದದ್ದೆಷ್ಟು, ಯಾರಿಗೆ ಗೊತ್ತು? ಅಲ್ಲಿ ಹಾಡಿದವರಲ್ಲಿ ಅರ್ಧಕ್ಕರ್ಧ ಜನ ನಸ್ರುಲ್ಲಾ ಅನ್ನುವ ಹೆಸರನ್ನು ಕೇಳಿದ್ದೇ ಆವತ್ತು.

ಮಹಾಲಿಂಗಯ್ಯ ಜನರನ್ನು ಸುಮ್ಮನಿರಿಸಲು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದ. ಕಣ್ಣು ಮಂಜಾಗಿ ಕನ್ನಡಕ ತೆಗೆದ. ಹಾಗಾಗಿ ಟೇಪಿನ ಸುರುಳಿ ಮುಗಿಯುತ್ತ ಬಂದದ್ದು ಕಾಣಲಿಲ್ಲ. ಬಾಲ ಕಳಚಿಕೊಂಡು ಚಕ್ರ ಪಟಪಟ ಅಂದಾಗ ಗುಲಾಮ್ ಮೊಹಿದ್ದೀನ್ ಅವನ ತೋಳು ಹಿಡಿದು ಅಲ್ಲಾಡಿಸಿದ.

“ಸಾಬ್, ರೀಲು ಖತಂ! ಬೇರೆ ಹಾಕಿ!”

“ಬೇರೆ ಇಲ್ಲ,” ಅಂದ ಮಹಾಲಿಂಗಯ್ಯ. “ಇರಲಿ. ಸುಮ್ಮನೆ ಕೇಳೋಣ.”

ಪದ ಇಳಿಹೊತ್ತಿನ ಅಸರ್ ನಮಾಜಿಗೆ ಮಸೀದಿಯಿಂದ ಬಾಂಗ್ ಕೂಗುವ ತನಕ ನಡೆಯಿತು. ಬಾಂಗ್ ಕೇಳಿದಾಗ ದೊಡ್ಡರಂಗಪ್ಪ ಕೈಯೆತ್ತಿದ, ಎಲ್ಲರೂ ಒಟ್ಟಿಗೆ ನಿಲ್ಲಿಸಿದರು.

ದೊಡ್ಡರಂಗಪ್ಪ ನೆಟ್ಟಗೆ ಗೋಣಿ ತಟ್ಟಿನ ಹತ್ತಿರ ಹೋಗಿ ನಿಂತ.

“ಕೇಳ್ತಾ ಅಮೀನವ್ವ?”

ಮರೆಯ ಆಚೆಯಿಂದ ಆಕೆ ಅಳುತ್ತಲೇ ಬೈದಳು. “ನೋಡಣ್ಣ ಇವ್ರ ಕೆಲ್ಸಾನ! ಇಷ್ಟು ಜನದ ಬಾಯಾಗೆ ಮಡಗಿ ಹೋಗವ್ರೆ. ಮನೇಲಿ ನಂಗೊಂದು ಮಾತು ಹೇಳ್ಲಿಲ್ಲ.”

ಪ್ಲೇಟು ಬಂತು. ಬ್ಲೇಡ್ ಹಾಕಲಿಲ್ಲ. ದೊಡ್ಡರಂಗಪ್ಪ ಮೊದಲು ಸುಮ್ಮನಾದ ಜಾಗವೂ, ವಳ್ಳೂರಿನ ಮುದುಕನ ಕೆರೆದ ದನಿಯೂ ಹಾಗೇ ಇದ್ದವು. ಆದರೆ ಕಣವೆಲ್ಲ ಎದ್ದು ಹಾಡುವ ಹೊತ್ತಿಗೆ, ಸಾಲಿನ ನಡುವೆಯೇ, ಕತ್ತರಿಸಿದ ಹಾಗೆ ಪದ ನಿಂತುಹೋಗುತ್ತದೆ. ಮುಳ್ಳು ಗರಗರ ಅನ್ನುತ್ತದೆ. ಆಮೇಲೆ ನಡೆದದ್ದು ಯಾವ ಪ್ಲೇಟಿನಲ್ಲೂ ಇಲ್ಲ, ಯಾವ ಯಂತ್ರದಲ್ಲೂ ಇಲ್ಲ. ಕಣದಲ್ಲಿದ್ದವರ ಕಿವಿಯಲ್ಲಿತ್ತು, ಅವರಲ್ಲಿ ಬಹಳ ಮಂದಿ ಮಣ್ಣಾದರು. ಈಗ ನಿಮ್ಮ ಕಿವಿಗೆ ಬಿತ್ತಲ್ಲ, ಅಲ್ಲೇ ಇಟ್ಟುಕೊಂಡು ಕೂರಬೇಡಿ. ಪಕ್ಕದವರಿಗೆ ಹೇಳಿ. ಹಾಡಲು ಬರುವವರಿದ್ದರೆ ಆ ಎರಡು ಸಾಲು ಹಾಡಿ ಹೇಳಿ, ಬಾರದವರು ಸುಮ್ಮನೆ ಹೇಳಿ. ನಸ್ರುಲ್ಲಾನ ಹೆಸರು ಮಾತ್ರ ಬಿಡಬೇಡಿ.