ಅಡುಗೆಮನೆಯ ಕೆಳಗಿನ ಬಾವಿ

ಸ್ಪಂದನಳ ವಿಜ್ಞಾನ ಪ್ರಾಜೆಕ್ಟಿಗೆ ಶಾಲೆಯಲ್ಲಿ ಮೊದಲ ಬಹುಮಾನ ಬಂತು, ಚಂದ್ರಾ ಲೇಔಟಿನ ಅವರ ಮನೆಗೆ ಇಂಗುಗುಂಡಿ ಬಂತು. ತಾರಸಿಯ ಮಳೆನೀರೆಲ್ಲ ಒಂದೇ ಪೈಪಿನಲ್ಲಿ ಇಳಿದು, ಅಡುಗೆಮನೆ ಗೋಡೆಯ ಪಕ್ಕದ ಗುಂಡಿ ಸೇರಿ ಭೂಮಿಗೆ ಇಂಗಬೇಕು. ಜಾಗ ಆರಿಸಿದವನು ಅವಳ ಅಪ್ಪ ಮಧುಕುಮಾರ್. ಬೇರೆಡೆ ನೆಲ ಗಟ್ಟಿ, ಹಾರೆ ಪುಟಿಯುತ್ತಿತ್ತಂತೆ; ಇಲ್ಲಿ ಮಾತ್ರ ಮಣ್ಣು ಬೆಣ್ಣೆ.

ಯಾಕೆ ಬೆಣ್ಣೆ ಎಂದು ಬಲ್ಲವಳು ಅವನ ತಾಯಿ ಹನುಮಕ್ಕ ಒಬ್ಬಳೇ. ಅಗೆಯುವ ದಿನ ಆಕೆ ಕೆಂಗೇರಿಯ ಮಗಳ ಮನೆಯಲ್ಲಿದ್ದಳು. ವಾಪಸು ಬಂದು ಗುಂಡಿ ತೆಗೆದ ಜಾಗ ನೋಡಿದಳು. ಬಾಯಿ ಬಿಡಲಿಲ್ಲ. ಎರಡು ಮಳೆಯಾಯಿತು. ಅಡುಗೆಮನೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿತು. ಬರೀ ಸುಣ್ಣ ಬಿರಿದದ್ದಿರಬೇಕು ಅಂದರು ಎಲ್ಲರೂ. ಹನುಮಕ್ಕನೂ ಹೌದೆಂದಳು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ, ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿರುವಾಗ, ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳು ಲೋಟ ಹಿಡಿದು ಬಂದಳು.

"ಅಜ್ಜಿ, ಮ್ಯಾಜಿಕ್ ನೋಡು. ಇದು ಹಸಿ ಮರಳು. ಸುಮ್ನೆ ಸುರಿದಿದೀನಿ. ಕಾಳುಗಳ ಮಧ್ಯೆ ಗಾಳಿ ಇದೆ. ಈಗ ನೀರು ಹಾಕ್ತೀನಿ."

ಬಾಯಿಮಟ್ಟ ಇದ್ದ ಮರಳು ಒಂದು ಬೆರಳಗಲ ಕೆಳಗಿಳಿಯಿತು.

"ಹಾಕಿದ್ದು ನೀರು, ಕಮ್ಮಿ ಆಗಿದ್ದು ಮರಳು! ಗಾಳಿ ಜಾಗ ಬಿಡ್ತು, ಕಾಳುಗಳು ಜಾರಿ ಒತ್ತಾಗಿ ಕೂತ್ಕೊಂಡ್ವು. ಗಟ್ಟಿ ನೆಲ ಹೀಗೆ ಕುಸಿಯಲ್ಲ. ತುಂಬಿದ ಮಣ್ಣಾದ್ರೆ ಮೇಲಿರೋದೆಲ್ಲ ಕೆಳಗೆ."

"ತುಂಬಿದ ಮಣ್ಣು ಅಂದ್ರೆ?"

"ಹಳೇ ಕೆರೆ, ಹಳೇ ಬಾವಿ. ನಮ್ಗೇನು ಬಿಡಜ್ಜಿ."

ಹನುಮಕ್ಕ ಅಡುಗೆಮನೆಯ ಕಡೆ ತಿರುಗಿದಳು. ಅದು ಎದ್ದದ್ದು ಅವರ ಹಳೇ ತೋಟದ ಬಾವಿಯ ಮೇಲೆ. ಹಾಸ್ಟೆಲಿನಲ್ಲಿ ಬೆಳೆದ ಮಕ್ಕಳಿಗೂ ಅದರ ಸುಳಿವಿರಲಿಲ್ಲ. ಈಗ ಇಲ್ಲವಾದ ಗಂಡ ಚನ್ನಕೇಶವ ಅದನ್ನು ಒಡೆದ ಗೋಡೆ, ಹೆಂಚು, ಕೊಟ್ಟಿಗೆಯ ಮಣ್ಣಿನಿಂದ ತುಂಬಿಸಿ, "ಬಾವಿ ಮುಚ್ಚಿದೋರ ಮನೆಗೆ ಯಾರೂ ಹೆಣ್ಣು ಕೊಡಲ್ಲ, ಬಾಯಿ ಮುಚ್ಚು" ಅಂದಿದ್ದ. ಬಾವಿಯೂ ಮುಚ್ಚಿತು, ಬಾಯಿಯೂ ಮುಚ್ಚಿತು, ಸೊಸೆಯೂ ಬಂದಳು. ಆ ಸೊಸೆ ಕುಸುಮಾ ಈಗ ಸರಿಯಾಗಿ ಬಾವಿಯ ನೆತ್ತಿಯ ಮೇಲೆ ನಿಂತು ಬೋಂಡ ಕರಿಯುತ್ತಿದ್ದಳು.

ಹನುಮಕ್ಕ ಅಡುಗೆಮನೆಯ ಬಾಗಿಲಿಗೆ ಹೋದಳು. ಬಿರುಕು ಈಗ ಕೂದಲೆಳೆಯಷ್ಟಿರಲಿಲ್ಲ; ಬೆಂಕಿಕಡ್ಡಿ ತೂರುವಷ್ಟಿತ್ತು.

"ಕುಸುಮಾ, ಆಚೆ ಬಾ."

"ಎಣ್ಣೆ ಕಾದಿದೆ ಅತ್ತೆ, ಇನ್ನೊಂದು ಒಬ್ಬೆ."

"ಸ್ಟವ್ ಆರ್ಸು. ಕಾಲ ಕೆಳಗೆ ಬಾವಿ ಇದೆ."

ಕುಸುಮಾ ಜಾಲರಿ ಸೌಟು ಹಿಡಿದೇ ತಿರುಗಿದಳು. "ಏನಿದೆ?"

ಹನುಮಕ್ಕ ಹೇಳಿದಳು. ಇಪ್ಪತ್ತು ವರ್ಷ ನುಂಗಿದ್ದನ್ನು ಹೇಳಲು ಎರಡು ನಿಮಿಷ ಸಾಕಾಯಿತು. ಅಷ್ಟರಲ್ಲಿ ಹನಿ ಬಿತ್ತು.

"ಮದುವೆಗೆ ಮುಂಚೆ ನಮ್ಮಪ್ಪ ಮನೆ ವಾಸ್ತು ಕೇಳಿದ್ರಲ್ಲ, ಆಗ?"

"ಆಗ ನಿಮ್ಮಾವ ಬಾಗಿಲು ಯಾವ ದಿಕ್ಕಿಗಿದೆ ಅಂತ ಮಾತ್ರ ತೋರ್ಸಿದ್ರು."

ಕುಸುಮಾ ಸ್ಟವ್ ಆರಿಸಿ, ನೆಲದ ಮೇಲೆ ಕಾಲಿಡಲೇ ಅಂಜುತ್ತಾ, ಮೊಟ್ಟೆಗಳ ಮೇಲೆ ನಡೆಯುವವಳ ಹಾಗೆ ಹೊರಬಂದಳು. ಮಳೆ ಒಮ್ಮೆಗೇ ಸುರಿಯತೊಡಗಿತು. ಪೈಪಿನೊಳಗೆ ನೀರು ಗುಳುಗುಳು ಇಳಿಯುವ ಸದ್ದು.

"ಪೈಪ್ ಕಿತ್ತಾಕಿ!" ಸ್ಪಂದನ ಕಿರುಚಿದಳು. ಅದು ಗಮ್ ಹಾಕಿ ಕೂರಿಸಿದ ಪೈಪು, ಎಳೆದರೆ ಬರಲಿಲ್ಲ.

ಹನುಮಕ್ಕ ಕಾಯಿ ಸುಲಿಯುವ ಮಚ್ಚು ತಂದಳು. ಪೈಪು ಬಾಗುವ ಮೊಣಕೈಗೆ ಏಟು ಹಾಕಲು ಗುಂಡಿಗೆ ಮುಚ್ಚಿದ ಚಪ್ಪಡಿಯ ಮೇಲೇ ನಿಲ್ಲಬೇಕಿತ್ತು. ಹನುಮಕ್ಕ ಅದರ ಮೇಲೆ ಕಾಲಿಟ್ಟಳು. ಒಂದು ಏಟು, ಎರಡು. ಮೂರನೆಯದಕ್ಕೆ ಬಹುಮಾನದ ಪೈಪು ಸೀಳಿತು. ನೀರು ಚಿಮ್ಮಿ ಅಂಗಳ ದಾಟಿ ಚರಂಡಿಗೆ ಹರಿಯಿತು.

ಒಳಗೆ ಟಪ್ಪೆಂದು ಸದ್ದಾಯಿತು. ಅಡುಗೆಮನೆಯ ಟೈಲ್ಸೊಂದು ಒಡೆದಿತ್ತು. ಮೂವರೂ ಮಳೆಯಲ್ಲೇ ನಿಂತರು.

ಸ್ಪಂದನ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದಳು. ಮಧುಕುಮಾರ್ ಎಲ್ಲ ಕೇಳಿದ. ಆಮೇಲೆ, "ಅಮ್ಮ, ಎಷ್ಟು ಆಳ?"

"ನಲವತ್ತಡಿ."

"ಅಗಲ?"

ಹನುಮಕ್ಕ ತೋಳುಗಳನ್ನು ಚಾಚಿ, ಅಡುಗೆಮನೆಯಿಂದ ಅಂಗಳದವರೆಗೆ ತೋರಿಸಿದಳು. ಫೋನಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ ಇಳಿಸಿದಳು. ಆದರೆ ಕುಸುಮಾ ನೋಡಿದ್ದಳು. ಅಡುಗೆಮನೆಯ ಗೋಡೆಯಿಂದ ತಾವು ನಿಂತ ಜಾಗದವರೆಗೆ ಕಣ್ಣಲ್ಲೇ ಅಳೆದಳು; ಇಲ್ಲೂ ಕಾಲ ಕೆಳಗೆ ಬಾವಿಯೇ. ಇಪ್ಪತ್ತು ವರ್ಷ ಮೋಸ ಮಾಡಿದ ಅತ್ತೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಈ ಕಡೆ ಬನ್ನಿ ಅತ್ತೆ. ಅಲ್ಲಲ್ಲ, ಇನ್ನೂ ಈ ಕಡೆ."