ಐದು ಸೋಮವಾರದ ಹರಕೆ

ಅರಿಶಿನದ ವ್ಯಾಪಾರಿ ಪುಟ್ಟಮಲ್ಲಪ್ಪನವರ ಮನೆ ಗುಂಡ್ಲುಪೇಟೆಯಲ್ಲಿ ನಾನು ಪಾಠ ಹೇಳುವ ಶಾಲೆಯ ಎದುರಿಗೇ ಇದೆ. ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಆದರೂ ಮಗನನ್ನು ಕಾರಿನಲ್ಲೇ ಕರೆತರುತ್ತಾರೆ. ನಡುವೆ ಡಿವೈಡರ್ ಇರುವುದರಿಂದ ಎರಡು ಕಿಲೋಮೀಟರ್ ಹೋಗಿ ತಿರುಗಿಸಿಕೊಂಡು ಬರಬೇಕು, ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹುಡುಗನಿಗೆ ಹಸಿವಾದರೆ ತಾಯಿ ಮಹಡಿಯಿಂದಲೇ ಇಡ್ಲಿ ಎಸೆಯುತ್ತಾಳೆ. ಹಾಗೆ ಗುರಿ ತಪ್ಪಿದ ಒಂದು ಇಡ್ಲಿ ನನ್ನ ಹಾಜರಿ ಪುಸ್ತಕದ ಮೇಲೆ ಬಿತ್ತು. ನಂಬದವರಿಗೆ ಕಲೆ ತೋರಿಸುತ್ತೇನೆ.

ಊರಿನವರ ಈ ಕಾರಿನ ಚಾಳಿಯಿಂದ ಕಷ್ಟಕ್ಕೆ ಬಿದ್ದವಳು ಆರನೇ ತರಗತಿಯ ಮೇಘನಾ. ಅವಳ ತಾಯಿ ಚಿಕ್ಕಬಸಮ್ಮ ಏಳು ಗಂಟೆಗೇ ಮಂಡಿಗೆ ಈರುಳ್ಳಿ ಆರಿಸಲು ಹೋಗುತ್ತಾಳೆ. ಮೊದಲು ಹತ್ತಾರು ಮಕ್ಕಳು ಒಟ್ಟಿಗೆ ಲಾರಿ ನಿಲ್ಲುವ ಜಾಗ ದಾಟಿ ಬರುತ್ತಿದ್ದರು. ಒಬ್ಬೊಬ್ಬರೇ ಸ್ಕೂಟರು, ಕಾರು ಹತ್ತಿಕೊಂಡರು. ಉಳಿದವಳು ಇವಳೊಬ್ಬಳೇ. ಹೋದ ತಿಂಗಳು ಹಿಂದಕ್ಕೆ ಬಂದ ಲಾರಿಯೊಂದು ಅವಳ ಬ್ಯಾಗು ಸವರಿಕೊಂಡು ಹೋಯಿತು.

"ಒಂಟಿ ಹುಡ್ಗೀನ ಆ ಲಾರಿಗೋಳ ಮಧ್ಯ ಕಳ್ಸಕ್ಕಾಗಲ್ಲ ಮೇಷ್ಟ್ರೇ," ಅಂದಳು ಚಿಕ್ಕಬಸಮ್ಮ. "ಜೊತ್ಗೆ ಮಕ್ಳಿದ್ರೆ ಸರಿ. ಇಲ್ದಿದ್ರೆ ಉಮ್ಮತ್ತೂರಲ್ಲಿ ನಮ್ಮಕ್ಕನ್ ಮನೇಲಿ ಬುಟ್ಬುಡ್ತೀನಿ. ಅಲ್ಲಿ ಇಸ್ಕೂಲು ಪಕ್ಕದಲ್ಲೇ ಅದೆ."

"ನಾನ್ ಓಗಲ್ಲ ಕಣವ್ವ," ಅಂದಳು ಮೇಘನಾ.

ಒಂದು ತಿಂಗಳ ಗಡುವು ಕೇಳಿ ಪೋಷಕರ ಸಭೆ ಕರೆದೆ. ಆರೋಗ್ಯ ಅಂದೆ, ಹೊಗೆ ಅಂದೆ, ಪೆಟ್ರೋಲು ಅಂದೆ. ಪುಟ್ಟಮಲ್ಲಪ್ಪನವರು ಕಾರಿನ ಕೀಲಿಯಿಂದ ಕಿವಿ ಕೆರೆದುಕೊಂಡರು. ಇದೇ ಮನುಷ್ಯ ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು, ಅಂಗಾಲೆಲ್ಲ ಬೊಬ್ಬೆ ಮಾಡಿಕೊಂಡು ಬರುವವರು. ತಟ್ಟನೆ ನನ್ನ ಬಾಯಿ ತನ್ನ ಕೆಲಸ ಶುರು ಮಾಡಿತು.

"ನನ್ ಕನಸ್ನಲ್ಲಿ ಮಾದಪ್ಪ ಬಂದಿದ್ದ. ಸೋಮವಾರ ನಡ್ಕಂಡು ಇಸ್ಕೂಲ್ಗೆ ಬರೋ ಮಕ್ಳು ಬೇಡಿದ್ದು ಕೊಡ್ತೀನಿ ಅಂದ."

"ಹುಲಿ ಮ್ಯಾಲ್ ಬಂದಿದ್ನಾ?" ಪುಟ್ಟಮಲ್ಲಪ್ಪನವರು ಎದ್ದು ಕೂತರು.

"ಇಲ್ಲ. ಹುಲಿ ಪಕ್ಕದಲ್ಲಿ ನಡೀತಿತ್ತು. ಅವನೂ ನಡ್ಕಂಡೇ ಬಂದ."

"ಎಷ್ಟ್ ವಾರ?"

ಹರಕೆ ಅಂದ ಮೇಲೆ ಲೆಕ್ಕ ಇರಲೇಬೇಕು. ಐದು ಅಂದುಬಿಟ್ಟೆ. ಸಾವಿರ ಅಂದಿದ್ದರೂ ನಂಬುತ್ತಿದ್ದರು.

ಮೊದಲ ಸೋಮವಾರ ನೂರ ಹನ್ನೆರಡು ಮಕ್ಕಳು "ಉಘೇ ಮಾದಪ್ಪ" ಅನ್ನುತ್ತಾ ನಡೆದು ಬಂದರು. ಲಾರಿ ಡ್ರೈವರುಗಳು ಇಂಜಿನ್ ಆರಿಸಿ ಕೈಮುಗಿದರು. ಹರಕೆ ಕೆಡಬಾರದೆಂದು ಉಳಿದ ದಿನಗಳಲ್ಲೂ ನಡೆದರು. ಎರಡನೇ ವಾರ ದಾರಿಯಲ್ಲಿ ಮಜ್ಜಿಗೆ, ಪಾನಕದ ಚಪ್ಪರ ಎದ್ದಿತು. ಮೂರನೇ ವಾರ ಬಾಳೆಹಣ್ಣು, ಕೋಸಂಬರಿ. ಮೊದಲ ಪೀರಿಯಡ್ಡಿನಲ್ಲಿ ಇಡೀ ಶಾಲೆ ನಿದ್ದೆ ಹೊಡೆಯುತ್ತಿತ್ತು. ಗೊರಕೆಗೆ ಬೋರ್ಡಿನ ಮೇಲಿನ ಲೆಕ್ಕ ಉದುರಿಹೋಗುತ್ತಿತ್ತು. ಎಲ್ಲರಿಗಿಂತ ಮುಂದೆ ಮೇಘನಾ. ಚಿಕ್ಕಬಸಮ್ಮ ಉಮ್ಮತ್ತೂರಿನ ಮಾತೇ ಎತ್ತಲಿಲ್ಲ.

ಆರನೇ ಸೋಮವಾರ ಮೇಘನಾ ಒಬ್ಬಳೇ ಬಂದಳು.

ಓಡಿಹೋಗಿ ನೋಡಿದರೆ ಪುಟ್ಟಮಲ್ಲಪ್ಪನವರು ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ಅದರ ಮೂತಿ ಅವರ ಮನೆಯಲ್ಲಿ, ಬಾಲ ಪಕ್ಕದ ಮನೆಯಲ್ಲಿ.

"ಹರಕೆ ತೀರ್ತಲ್ಲ ಮೇಷ್ಟ್ರೇ. ಹುಡ್ಗ ದೊಡ್ ಕಾರ್ ಬೇಡಿದ್ದ. ಮಾದಪ್ಪ ಕೊಟ್ಬುಟ್ಟ!"

"ಕೊಡ್ಸಿದ್ದು ನೀವಲ್ವಾ?"

"ನನ್ ಕೈಲಿ ಕೊಡಿಸ್ದ."

"ಇನ್ನೈದು ವಾರ ನಡೀಬೋದಲ್ಲ?"

"ತೀರಿದ್ ಹರಕೇನ ಮತ್ತೆ ತೀರ್ಸುದ್ರೆ ದೇವ್ರಿಗೆ ಅನುಮಾನ ಬರಕಿಲ್ವಾ?"

ಬಡಾವಣೆಯ ಮನೆಮನೆಯಲ್ಲೂ ಅದೇ ಕಥೆ. ಯಾರಿಗೋ ಸ್ಕೂಟರು, ಯಾರಿಗೋ ಕಾರು. ಎಲ್ಲವೂ ನನ್ನ ಕನಸಿನ ಪ್ರಸಾದ.

"ನೀನೇನ್ ಬೇಡ್ಕಂಡಿದ್ದೆ ಕಣಮ್ಮಿ?" ಮೇಘನಾಳನ್ನು ಕೇಳಿದೆ.

"ಎಲ್ರೂ ದಿನಾ ನಡ್ಕಂಡ್ ಬರ್ಲಿ ಅಂತ."

ಒಂದು ಕಡೆ ನೂರ ಹನ್ನೊಂದು ಬೇಡಿಕೆ, ಇನ್ನೊಂದು ಕಡೆ ಒಂದು. ಮಾದಪ್ಪ ತಾನೇ ಏನು ಮಾಡಿಯಾನು?

ಗುರುವಾರ ಬಸ್ ಸ್ಟ್ಯಾಂಡಿಗೆ ಹೋದೆ. ಚಾಮರಾಜನಗರದ ಬಸ್ಸಿನ ಕಿಟಕಿಯಲ್ಲಿ ಮೇಘನಾ, ತೊಡೆಯ ಮೇಲೆ ಬಟ್ಟೆಯ ಗಂಟು. ಅಲ್ಲಿಳಿದು ಉಮ್ಮತ್ತೂರಿನ ಬಸ್ಸು ಹಿಡಿಯಬೇಕು.

"ನೀವೇನ್ ಮಾಡೀರಿ ಬುಡಿ," ಅಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಬಸಮ್ಮ.

"ಸಾರ್, ನಡ್ಕಂಡ್ ಬಂದ್ರಾ?" ಕೇಳಿದಳು ಮೇಘನಾ.

"ಊಂ ಕಣಮ್ಮಿ," ಅಂದೆ.

ಅವಳು ನನ್ನ ಕಂಕುಳಲ್ಲಿದ್ದ ಹೆಲ್ಮೆಟ್ ನೋಡಿದಳು. ಬಸ್ಸು ಹೊರಟಿತು.